ವಿದ್ಯಾರ್ಥಿನಿಯ ನಕ್ಷೆ, ನಮ್ಮ ಕಡೆಯ ಕಲ್ಲು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಮುಂದೇನು ಓದಬೇಕು’. ನಾನು ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆ ಓದಿನ ಬಗ್ಗೆ ಹೇಳುವುದಕ್ಕೆ ಈಗ ಈ ಊರಿನಲ್ಲಿ ಬೀದಿಗೆ ಇಬ್ಬರಿದ್ದಾರೆ. ಆದ್ದರಿಂದ ನಾನು ಇನ್ನೊಂದು ಓದಿನ ಬಗ್ಗೆ, ಆರ್ಕಿಟೆಕ್ಚರ್ ಬಗ್ಗೆ, ಮಾತಾಡುತ್ತೇನೆ. ಕಾರಣ ಇದೆ. ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳು ಈಗ ಮೈಸೂರಿನಲ್ಲಿ ಬಿ.ಆರ್ಕ್. ನಾಲ್ಕನೆಯ ವರ್ಷ ಓದುತ್ತಿದ್ದಾಳೆ. ಸಭೆಯಲ್ಲೇ ಇದ್ದಾಳೆ. “ಹೆಸರು ಮಾತ್ರ ಹೇಳಬೇಡಿ ಅಣ್ಣ” ಅಂದಿದ್ದಾಳೆ, ಹೇಳುವುದಿಲ್ಲ. ಅವಳ ತಂದೆ ಕರಿಕಲ್ಲು ಕ್ವಾರಿಯಲ್ಲಿ ದುಡಿದವರು ಎಂದಷ್ಟೇ ಹೇಳಿದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಿಬಿಡುತ್ತದೆ, ಇರಲಿ.

ಮಕ್ಕಳಿಗೆ ಮೊದಲು ಮುಖ್ಯವಾದ ವಿವರ. ಇದು ಐದು ವರ್ಷದ ಓದು. ಪಿಯುಸಿಯಲ್ಲಿ ಗಣಿತ ಇರಬೇಕು. ನಾಟಾ ಎನ್ನುವ ಪರೀಕ್ಷೆ ಬರೆಯಬೇಕು. ನಮ್ಮ ರಾಜ್ಯದಲ್ಲಿ ಸೀಟು ಹಂಚುವಾಗ ಆ ಅಂಕಕ್ಕೂ ಪಿಯುಸಿ ಅಂಕಕ್ಕೂ ಸಮಪಾಲು. ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಬರೆದುಕೊಳ್ಳಬೇಕಾದರೆ 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ಊರಿಗೆ ಬಂದಾಗಲೆಲ್ಲ ಅವಳನ್ನು ಜನ ಕೇಳುವುದು ಒಂದೇ ಪ್ರಶ್ನೆಯಂತೆ, “ಅಡುಗೆಮನೆ ಯಾವ ಮೂಲೆಗೆ ಬರಬೇಕವ್ವ?” ವಾಸ್ತು ಹೇಳುವವರು ಬೇರೆ, ಇವರು ಬೇರೆ.

ಅವಳ ಓದು ಹೇಗೆ ನಡೆಯುತ್ತದೆ ಎಂದು ಕೇಳಿದೆ. ನಾವು ಬಿ.ಇ.ಯಲ್ಲಿ ಪುಸ್ತಕ ಓದಿ ಪರೀಕ್ಷೆ ಬರೆದೆವು. ಇವರಿಗೆ ಪ್ರತಿ ಸೆಮಿಸ್ಟರಿನಲ್ಲೂ ಒಂದು ವಿನ್ಯಾಸ ಕೊಡುತ್ತಾರೆ. ಮೊದಲು ಒಂದು ಬಸ್ ತಂಗುದಾಣ, ಆಮೇಲೆ ಒಂದು ಮನೆ, ಆಮೇಲೆ ಒಂದು ಶಾಲೆ, ಹೀಗೆ ದೊಡ್ಡದಾಗುತ್ತ ಹೋಗುತ್ತದೆ. ಜಾಗ ನೋಡಿ, ಅಳತೆ ತೆಗೆದು, ನಕ್ಷೆ ಬರೆದು, ರಟ್ಟಿನಲ್ಲಿ ಮಾದರಿ ಮಾಡಿ, ಹೊರಗಿನಿಂದ ಬಂದ ಆರ್ಕಿಟೆಕ್ಟರ ಮುಂದೆ ನಿಂತು ಸಮರ್ಥಿಸಬೇಕು. ಇದಕ್ಕೆ ಜ್ಯೂರಿ ಅನ್ನುತ್ತಾರೆ. ಮೂರು ರಾತ್ರಿ ನಿದ್ದೆ ಕೆಟ್ಟು ಮಾಡಿದ ಮಾದರಿಯನ್ನು ನೋಡಿ ಒಬ್ಬರು, “ಮಳೆ ಬಂದರೆ ಈ ನೀರು ಎಲ್ಲಿಗೆ ಹೋಗುತ್ತಮ್ಮ?” ಎಂದು ಕೇಳಿ ಮುಂದೆ ಹೋದರಂತೆ. ತರಬೇತಿಗೆ ಒಂದು ಕಚೇರಿ ಸೇರಿದಾಗ ಅಲ್ಲಿ ಅವಳಿಗೆ ಸಿಕ್ಕಿದ್ದು ಬಂಗಲೆಯ ವಿನ್ಯಾಸವಲ್ಲ. ಟಾಯ್ಲೆಟ್ಟಿನ ನಕ್ಷೆ, ಮೆಟ್ಟಿಲಿನ ಎತ್ತರ, ಕಿಟಕಿಗಳ ಪಟ್ಟಿ, ಕಟ್ಟಡದ ಜಾಗಕ್ಕೆ ಹೋಗಿ ಟೇಪು ಹಿಡಿಯುವುದು. ಮೇಸ್ತ್ರಿಯೊಬ್ಬರು ನಕ್ಷೆ ಹಾಳೆಯನ್ನು ತಿರುಗಿಸಿ ಹಿಡಿದು “ಇದು ಕಟ್ಟೋಕಾಗಲ್ಲ ಕಣವ್ವ” ಅಂದರಂತೆ. ಅವರು ಹೇಳಿದ್ದು ಸರಿಯಾಗಿತ್ತು, ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ ಎಂದು ಅವಳೇ ನಗುತ್ತ ಹೇಳಿದಳು.

ವಿದ್ಯಾರ್ಥಿ ಬರೆದ ನಕ್ಷೆ ಎಂದರೆ ನಮಗೆ ಅಸಡ್ಡೆ. ಅಂಕಕ್ಕಾಗಿ ಬರೆದದ್ದು, ಅದನ್ನು ಯಾರು ಕಟ್ಟುತ್ತಾರೆ ಎನ್ನುತ್ತೇವೆ. ಕಟ್ಟಿದ ಒಂದು ಉದಾಹರಣೆ ಇದೆ. ಅದನ್ನೇ ಇವತ್ತು ಸ್ವಲ್ಪ ನಿಧಾನವಾಗಿ ಹೇಳಬೇಕೆಂದು ಬಂದೆ, ಯಾಕೆಂದರೆ ಅದಕ್ಕೆ ಹೋದ ಕಲ್ಲು ನಮ್ಮ ರಾಜ್ಯದ್ದು.

ಅಮೆರಿಕದವರು ವಿಯೆಟ್ನಾಂ ಯುದ್ಧದಲ್ಲಿ ತಮ್ಮ 58 ಸಾವಿರ ಜನರನ್ನು ಕಳೆದುಕೊಂಡರು. ಬೇಡದ ಯುದ್ಧ ಎಂದು ಅವರ ದೇಶದಲ್ಲೇ ಜಗಳವಾಗಿತ್ತು. ಮರಳಿ ಬಂದ ಸೈನಿಕರನ್ನು ಮಾತಾಡಿಸುವವರಿರಲಿಲ್ಲ. ಅಂಥ ಒಬ್ಬ ಸೈನಿಕ, ಜಾನ್ ಸ್ಕ್ರಗ್ಸ್, 1979ರಲ್ಲಿ ಗೆಳೆಯರನ್ನು ಸೇರಿಸಿ ಸತ್ತವರಿಗೊಂದು ಸ್ಮಾರಕ ಬೇಕೆಂದು ಹೊರಟರು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಜಾಗ ಸಿಕ್ಕಿತು. ವಿನ್ಯಾಸಕ್ಕೆ ಬಹಿರಂಗ ಸ್ಪರ್ಧೆ ಕರೆದರು. ಷರತ್ತು ಕೆಲವೇ. ಸತ್ತವರ, ಕಾಣೆಯಾದವರ ಎಲ್ಲ ಹೆಸರೂ ಇರಬೇಕು. ಯುದ್ಧ ಸರಿಯೋ ತಪ್ಪೋ ಎಂದು ಸ್ಮಾರಕ ಹೇಳಬಾರದು. ಸುತ್ತಲಿನ ಜಾಗಕ್ಕೆ ಹೊಂದಬೇಕು.

ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ ಓದುತ್ತಿದ್ದ ಮಾಯಾ ಲಿನ್ ಎಂಬ ಹುಡುಗಿಯ ತರಗತಿಯಲ್ಲಿ ಸಾವಿಗೆ ಸಂಬಂಧಿಸಿದ ಕಟ್ಟಡಗಳ ಪಾಠ ನಡೆಯುತ್ತಿತ್ತು, ಅಂದರೆ ಸಮಾಧಿ, ಸ್ಮಾರಕ ಇಂಥವು. ಈ ಸ್ಪರ್ಧೆಯನ್ನೇ ಕೊನೆಯ ಅಭ್ಯಾಸವಾಗಿ ತೆಗೆದುಕೊಂಡರು. ಮಾಯಾಳ ತಂದೆ ತಾಯಿ ಚೀನಾದಿಂದ ಬಂದು ಒಹಾಯೊ ರಾಜ್ಯದಲ್ಲಿ ನೆಲೆಸಿದವರು. ತಂದೆ ಮಣ್ಣಿನ ಪಾತ್ರೆಯ ಕಲಾವಿದ, ತಾಯಿ ಕವಿ, ಇಬ್ಬರೂ ಮೇಷ್ಟ್ರುಗಳು. ಅವಳು ಹೋಗಿ ಜಾಗ ನೋಡಿದಳು. ಹುಲ್ಲುಗಾವಲು. ಅದರ ಮೇಲೆ ಏನನ್ನೂ ಎಬ್ಬಿಸುವುದು ಬೇಡ, ನೆಲವನ್ನೇ ಸೀಳಿ ಒಂದು ಬದಿಗೆ ಕಲ್ಲು ಹೊದಿಸೋಣ ಅನ್ನಿಸಿತು. ಊಟದ ಹಾಲಿನಲ್ಲಿ ಆಲೂಗಡ್ಡೆ ಪಲ್ಯದಂಥದ್ದನ್ನು ತಟ್ಟೆಯಲ್ಲಿ ಒತ್ತಿ ಮಾದರಿ ಮಾಡಿದಳೆಂದು ಹೇಳುತ್ತಾರೆ. ಆ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು ಬಿ ಗ್ರೇಡು.

ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಹಾಳೆಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಎಂಟು ಜನ ತೀರ್ಪುಗಾರರು ನೋಡಿ ನೋಡಿ ಕೊನೆಗೆ ಆರಿಸಿದ್ದು 1026ನೆಯ ಸಂಖ್ಯೆಯನ್ನು. 1981ರ ಮೇ ತಿಂಗಳಲ್ಲಿ ಲಕೋಟೆ ತೆರೆದರೆ 21 ವರ್ಷದ ವಿದ್ಯಾರ್ಥಿನಿ! ಹೆಸರು, ವಯಸ್ಸು, ಕುಲಗೋತ್ರ ಮೊದಲೇ ತಿಳಿದಿದ್ದರೆ ಆ ಹಾಳೆ ಅಷ್ಟು ದೂರ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಅಲ್ಲಿಂದ ಶುರುವಾಯಿತು ಅವಳ ಮೊದಲ ಕೆಲಸ. ಓದು ಮುಗಿಸಿ ವಾಷಿಂಗ್ಟನ್ನಿಗೆ ಹೋದಳು. ಕಟ್ಟಿಸುವ ಜವಾಬ್ದಾರಿ ಅನುಭವಸ್ಥ ಆರ್ಕಿಟೆಕ್ಟರ ಕಚೇರಿಗೆ ಸಿಕ್ಕಿತು, ಇವಳು ವಿನ್ಯಾಸದ ಸಲಹೆಗಾರ್ತಿ. ದೊಡ್ಡ ಜಗಳ ಬಂದದ್ದು ಹೆಸರುಗಳ ಅನುಕ್ರಮದಲ್ಲಿ. ಅಕಾರಾದಿಯಾಗಿ ಹಾಕಿ, ಹುಡುಕಲು ಸುಲಭ ಎಂದರು ಹಲವರು. ಅವಳು ಒಪ್ಪಲಿಲ್ಲ. ಸತ್ತ ದಿನಾಂಕದ ಕ್ರಮದಲ್ಲೇ ಬರಬೇಕು ಎಂದಳು. ಪಟ್ಟಿ ತೆಗೆದು ನೋಡಿದಾಗ ಸ್ಮಿತ್ ಎಂಬ ಮನೆತನದ ಹೆಸರಿನವರೇ 600ಕ್ಕೂ ಹೆಚ್ಚು ಇದ್ದರು. ನಮ್ಮ ಶಾಲೆಯ ರಿಜಿಸ್ಟರನ್ನು ಅಕಾರಾದಿ ಮಾಡಿದರೆ ಮಹದೇವ, ಮಹದೇವಯ್ಯ, ಮಹದೇವಸ್ವಾಮಿಗಳೇ ಒಂದು ಕಲ್ಲು ತುಂಬುತ್ತಾರಲ್ಲ, ಹಾಗೆ. ಗೋಡೆ ಟೆಲಿಫೋನ್ ಡೈರೆಕ್ಟರಿ ಆಗುತ್ತದೆ. ದಿನಾಂಕದ ಕ್ರಮದಲ್ಲಿದ್ದರೆ ಒಟ್ಟಿಗೆ ಸತ್ತವರು ಒಟ್ಟಿಗೇ ಇರುತ್ತಾರೆ. ಜೊತೆಗಾರ ಬಂದು ತನ್ನ ತುಕಡಿಯವರನ್ನು ಅಕ್ಕಪಕ್ಕದಲ್ಲೇ ಕಾಣುತ್ತಾನೆ. ಹುಡುಕಲು ಬೇಕಾದರೆ ಪಕ್ಕದಲ್ಲಿ ಒಂದು ಸೂಚಿ ಪುಸ್ತಕ ಇಡಬಹುದು, ಇಟ್ಟಿದ್ದಾರೆ. ದಿನವೂ ಡೇಟಾಬೇಸಿನ ಜೊತೆ ಗುದ್ದಾಡುವ ನನಗೆ ಇದನ್ನು ಓದಿ ಖುಷಿಯಾಯಿತು. ಹುಡುಕುವ ಅನುಕೂಲವೇ ಬೇರೆ, ಜೋಡಿಸುವ ಅರ್ಥವೇ ಬೇರೆ, ಎರಡನ್ನೂ ಒಂದೇ ಪಟ್ಟಿಯ ಮೇಲೆ ಹೇರಬಾರದು ಎಂದು ನಮ್ಮ ಕಚೇರಿಯಲ್ಲಿ ಹೊಸಬರಿಗೆ ಹೇಳಿ ಹೇಳಿ ಸಾಕಾಗಿದೆ.

ಮೊದಲ ಹೆಸರು ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ, 1959ರದ್ದು. ಅಲ್ಲಿಂದ ಬಲಕ್ಕೆ ತುದಿಯವರೆಗೆ ಹೋಗಿ, ಮತ್ತೆ ಎಡಗೋಡೆಯ ತುದಿಯಿಂದ ಶುರುವಾಗಿ, 1975ರ ಕೊನೆಯ ಹೆಸರು ಅದೇ ಮೂಲೆಗೆ ಬಂದು ಸೇರುತ್ತದೆ. ಒಂದೊಂದು ಗೋಡೆ ಸುಮಾರು 247 ಅಡಿ ಉದ್ದ. ಮೂಲೆಯಲ್ಲಿ 10 ಅಡಿ ಎತ್ತರ, ತುದಿಯಲ್ಲಿ 8 ಇಂಚು. ಅಕ್ಷರ ಅರ್ಧ ಇಂಚಿಗಿಂತ ತುಸು ದೊಡ್ಡದು. ಹುದ್ದೆ ಇಲ್ಲ, ಪದಕ ಇಲ್ಲ. ಜನರಲ್ಲಿ ಯಾರು, ಸಿಪಾಯಿ ಯಾರು ಗೊತ್ತಾಗುವುದಿಲ್ಲ.

ವಿರೋಧ ಜೋರಾಗಿಯೇ ಬಂತು. ಕಪ್ಪು ಕಲ್ಲು ನಾಚಿಕೆಯ ಬಣ್ಣ, ನೆಲದೊಳಗೆ ಇಳಿಸಿದ್ದು ಅವಮಾನ ಎಂದು ಕೆಲವು ಮಾಜಿ ಸೈನಿಕರೇ ಹೇಳಿದರು. ಅನುಮತಿ ಕೊಡಬೇಕಾದ ಸಚಿವರು ತಡೆದರು. ಕೊನೆಗೆ ರಾಜಿಯಾಗಿ ಮೂವರು ಸೈನಿಕರ ಕಂಚಿನ ಪ್ರತಿಮೆ, ಧ್ವಜಸ್ತಂಭ ಸೇರಿಸಲು ಒಪ್ಪಿದರು. ಅವು ಗೋಡೆಯ ಎದುರಿಗಲ್ಲ, ಸ್ವಲ್ಪ ದೂರದಲ್ಲಿ. 1982ರ ನವೆಂಬರ್ 13ರಂದು ಗೋಡೆಯ ಉದ್ಘಾಟನೆಯಾಯಿತು. ಅಷ್ಟು ಹೊತ್ತಿಗೆ ಮಾಯಾ ಲಿನ್ ಮತ್ತೆ ವಿದ್ಯಾರ್ಥಿನಿ! ಹಾರ್ವರ್ಡಿಗೆ ಸೇರಿ, ಬಿಟ್ಟು, ಬಾಸ್ಟನ್ನಿನ ಒಬ್ಬ ಆರ್ಕಿಟೆಕ್ಟರ ಬಳಿ ಕೆಲಸ ಮಾಡಿ, ಯೇಲ್‌ಗೆ ಮರಳಿ 1986ರಲ್ಲಿ ಎಂ.ಆರ್ಕ್. ಮುಗಿಸಿದರು. ದೇಶವೆಲ್ಲ ಹೆಸರು ಕೇಳಿದ ಮೇಲೂ ಓದಲು ಹೋಗಿ ಬೆಂಚಿನ ಮೇಲೆ ಕೂತರು.

ಈಗ ಕಲ್ಲಿನ ವಿಷಯ. ನುಣುಪು ಪಾಲಿಶ್ ಹಿಡಿಯುವ ಕಪ್ಪು ಗ್ರಾನೈಟ್ ಅವರಿಗೆ ಬೇಕಾಗಿತ್ತು. ಅದು ಹೋದದ್ದು ಬೆಂಗಳೂರಿನಿಂದ. ವರ್ಮಾಂಟ್ ರಾಜ್ಯದ ಬ್ಯಾರೆ ಎಂಬ ಊರಿನಲ್ಲಿ ಕೊಯ್ದು ಹದ ಮಾಡಿದರು. ಮೆಂಫಿಸ್ ನಗರದಲ್ಲಿ ಹೆಸರು ಕೊರೆದರು, ಮರಳು ಚಿಮ್ಮಿಸಿ ಕೊರೆಯುವ ವಿಧಾನದಿಂದ. ನಮ್ಮ ಕಡೆಯಿಂದ ಲಾರಿ ಹತ್ತಿದ ಕರಿಕಲ್ಲು ಯಾವ ಹಳ್ಳಿಯದ್ದಾದರೂ ಹೊರದೇಶದಲ್ಲಿ ‘ಬೆಂಗಳೂರು’ ಎಂದೇ ಆಗುತ್ತದೆ, ಕ್ವಾರಿಯವರಿಗೆ ಇದು ಹೊಸದಲ್ಲ. ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಒಂದು ಭಾನುವಾರ ನಾನು ಅದನ್ನು ನೋಡಿದೆ. ಹೆಸರುಗಳ ಮೇಲೆ ನನ್ನ ಮುಖವೇ ಕಾಣುತ್ತಿತ್ತು. ಒಬ್ಬ ಅಜ್ಜಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಹೆಸರನ್ನು ಎತ್ತಿಕೊಳ್ಳುತ್ತಿದ್ದರು. ಈ ಕಲ್ಲು ನಮ್ಮ ರಾಜ್ಯದ್ದು ಎಂದು ಅವರಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದು ಸಮಿತಿಯವರಿಗೆ ಈಗಾಗಲೇ ಅನುಮಾನ ಬಂದಿರಬೇಕು. ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕರಿಕಲ್ಲಿನ ಫಲಕ ಹಾಕಿಸುವ ತೀರ್ಮಾನ ಆಗಿದೆ. 50 ಸಾವಿರ ಕೊಟ್ಟವರು ಮೇಲೆ, 25 ಸಾವಿರದವರು ಅವರ ಕೆಳಗೆ, 5 ಸಾವಿರಕ್ಕಿಂತ ಕಡಿಮೆ ಕೊಟ್ಟವರಿಗೆ ಜಾಗವಿಲ್ಲ. ನನ್ನ ಹೆಸರು ಮೇಲಿನ ಸಾಲಿನಲ್ಲೇ ಬರುತ್ತದೆ, ಆದ್ದರಿಂದ ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ.

ನಮ್ಮ ಹುಡುಗಿ ಬೇರೆ ಒಂದು ನಕ್ಷೆ ಬರೆದಿದ್ದಾಳೆ. ಆಟದ ಮೈದಾನದ ಕಡೆ ಜಗಲಿಯ ಎತ್ತರದ ಒಂದು ಗೋಡೆ, ಮಕ್ಕಳು ಕೂರುವಂಥದ್ದು. ಅದರ ಹಿಂಬದಿಗೆ 8 ಅಡಿ ಉದ್ದ, 4 ಅಡಿ ಎತ್ತರದ ಕಲ್ಲುಗಳು. ಅವುಗಳ ಮೇಲೆ ದಾಖಲಾತಿ ರಿಜಿಸ್ಟರಿನ ಕ್ರಮದಲ್ಲಿ ಎಲ್ಲರ ಹೆಸರು. ಪಾಸಾದವರದ್ದಲ್ಲ, ಸೇರಿದವರದ್ದು. ವರ್ಷಕ್ಕೆ ಸರಾಸರಿ 60 ಎಂದರೂ 50 ವರ್ಷಕ್ಕೆ 3,000 ಹೆಸರು. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಬರುವುದರಿಂದ ಸಾಲಿಗೆ ಒಂದು ಇಂಚು ಬಿಡಬೇಕು. ಲೆಕ್ಕ ಹಾಕಿದೆವು, ಒಂದು ಕಲ್ಲಿಗೆ 264 ಹೆಸರು ಹಿಡಿಯುತ್ತದೆ, 12 ಕಲ್ಲು ಸಾಕು. ಮೊದಲ ವರ್ಷದ ಪುಟದಲ್ಲಿ ಹುಡುಗಿಯರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಕಲ್ಲಿನಿಂದ ಕಲ್ಲಿಗೆ ಅವರು ಹೇಗೆ ಹೆಚ್ಚಾದರು ಎಂದು ನಡೆಯುತ್ತ ನೋಡಬಹುದು. ಯೇಲ್‌ನಲ್ಲೂ ಮಾಯಾ ಲಿನ್ 1993ರಲ್ಲಿ ಇಂಥದ್ದೇ ಒಂದು ಕಲ್ಲಿನ ಮೇಜು ಮಾಡಿದ್ದಾರೆ. ಅದರ ಮೇಲೆ ಒಂದೊಂದು ವರ್ಷ ಎಷ್ಟು ಹೆಂಗಸರು ಓದಿದರು ಎಂಬ ಅಂಕಿ ಸುರುಳಿಯಾಗಿ ಬರುತ್ತದೆ, ಶುರುವಿನಲ್ಲಿ ಸಾಲು ಸಾಲು ಸೊನ್ನೆ.

ಆ ಹುಡುಗಿಯ ತಂದೆ ಇದೇ ಶಾಲೆಗೆ ಎಂಟನೆಯ ತರಗತಿಗೆ ಸೇರಿ, ಒಂಬತ್ತರ ನಡುವೆ ಬಿಟ್ಟು ಕ್ವಾರಿಗೆ ಹೋದವರು. ದಾನಿಗಳ ಫಲಕದಲ್ಲಿ ಅವರಿಲ್ಲ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲೂ ಇಲ್ಲ. ರಿಜಿಸ್ಟರಿನಲ್ಲಿ ಇದ್ದಾರೆ. ಅವರ ಹಾಗೆ ಬಿಟ್ಟುಹೋದವರು ಎಷ್ಟು ಜನ ಎಂದು ಹಳೆಯ ಮೇಷ್ಟ್ರುಗಳಿಗೆ ಗೊತ್ತು.

ದಾನಿಗಳು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಮಾತಿದೆ. ಅವರ ಹೆಸರು, ಮೊತ್ತ ಎರಡೂ ಈ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಬರುತ್ತವೆ. ಅಷ್ಟಕ್ಕೂ ಬೇಕೇ ಬೇಕು ಎಂದರೆ ಗೇಟಿನ ಬಳಿ ಒಂದು ಚಿಕ್ಕ ಫಲಕ ಇರಲಿ, ವಾಷಿಂಗ್ಟನ್ನಿನ ಪ್ರತಿಮೆಯ ಹಾಗೆ ದೂರದಲ್ಲಿ. “ಓದುವ ಹುಡುಗಿ ಕೈಗೆ ಕೊಡುವುದಾ?” ಎಂದು ಕೇಳಿದವರಿಗೆ 1026ನೆಯ ಹಾಳೆಯ ಕಥೆ ಆಗಲೇ ಹೇಳಿದ್ದೇನೆ. ಕಟ್ಟುವಾಗ ಮೇಸ್ತ್ರಿ ಇರುತ್ತಾರೆ, ನೋಂದಣಿ ಇರುವ ಆರ್ಕಿಟೆಕ್ಟರೊಬ್ಬರು ನಕ್ಷೆ ನೋಡಿ ಕೊಡಲು ಒಪ್ಪಿದ್ದಾರೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅವಳು ಈ ಸಲ ಬಾಣ ಹಾಕಿ ತೋರಿಸಿದ್ದಾಳೆ.

ನಕ್ಷೆ ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲಿದೆ, ಪಕ್ಕದಲ್ಲಿ ಹೆಸರುಗಳ ಪಟ್ಟಿಯೂ ಇದೆ. ಹಳೆಯ ರಿಜಿಸ್ಟರಿನ ಶಾಯಿ ಕೆಲವು ಕಡೆ ಅಳಿಸಿದೆ, ಕೆಲವು ಹೆಸರು ತಪ್ಪಾಗಿ ಓದಿಕೊಂಡಿರಬಹುದು. ಊಟಕ್ಕೆ ಹೋಗುವ ಮುಂಚೆ ನಿಮ್ಮ ವರ್ಷದ ಹಾಳೆ ನೋಡಿ, ತಪ್ಪಿದ್ದರೆ ತಿದ್ದಿ. ಪೆನ್ಸಿಲ್ ಅಲ್ಲೇ ಇಟ್ಟಿದ್ದೇವೆ.