ದಾಟಿಸಿದವನ ಹೆಸರು



ನಮ್ಮಜ್ಜಿ ಕಾಶಿಗೆ ಹೋಗಿ ಬಂದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ರೈಲಿಗೆ ಕಟ್ಟಿಕೊಂಡು ಹೋದ ಅವಲಕ್ಕಿ, ವಿಶ್ವನಾಥನ ಗಲ್ಲಿಯ ನೂಕುನುಗ್ಗಲು, ಜಂಗಮವಾಡಿ ಮಠದ ಹತ್ತಿರ ಕನ್ನಡ ಕಿವಿಗೆ ಬಿದ್ದಾಗ ಆದ ನೆಮ್ಮದಿ, ಇನ್ನು ತಿನ್ನುವುದಿಲ್ಲವೆಂದು ಅಲ್ಲೇ ಬಿಟ್ಟುಬಂದ ಹಾಗಲಕಾಯಿ ಎಲ್ಲವೂ ಅದರಲ್ಲಿತ್ತು. ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆಯೂ ಬಂದಿದ್ದಳು. ಆದರೆ ಅಜ್ಜಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಘಾಟಿನಿಂದ ಘಾಟಿಗೆ ಕರೆದೊಯ್ದವನು ಯಾರು? ಅಜ್ಜಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕಾಶಿಯಲ್ಲಿ ದೋಣಿ ನಡೆಸುವವರು ಮಲ್ಲಾಹರು. ತಮ್ಮನ್ನು ನಿಷಾದರೆಂದೂ ಕರೆದುಕೊಳ್ಳುತ್ತಾರೆ. ರಾಮಾಯಣದ ನಿಷಾದ ಗುಹ ನಮಗೆ ಗೊತ್ತಿರುವವನೇ. ಇವರ ಬಾಯಲ್ಲಿ ಕೇವಟನ ಕಥೆ ಕೇಳಬೇಕು. ರಾಮನನ್ನು ಹೊಳೆ ದಾಟಿಸಿದ ಕೇವಟ ಕೂಲಿ ಬೇಡವೆನ್ನುತ್ತಾನೆ. ನಾನು ಹೊಳೆ ದಾಟಿಸುವವನು, ನೀನು ಸಂಸಾರ ದಾಟಿಸುವವನು, ಇಬ್ಬರದೂ ಒಂದೇ ಕಸುಬು, ಒಂದೇ ಕಸುಬಿನವರು ಒಬ್ಬರಿಂದೊಬ್ಬರು ಕೂಲಿ ಪಡೆಯುವುದುಂಟೆ ಎಂಬುದು ಅವನ ವಾದ. ಭಕ್ತಿ ಇದೆ, ಜೊತೆಗೆ ದೇವರ ಹೆಗಲ ಮೇಲೆ ಕೈಹಾಕುವ ಸಲುಗೆಯೂ ಇದೆ.

ಇಂಥ ಮಾತುಗಳನ್ನು ಕೇಳಿ ಬರೆದುಕೊಳ್ಳಲು ಬಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ದಶಕಗಳ ಕಾಲ ತನ್ನ ವಿದ್ಯಾರ್ಥಿಗಳನ್ನು ಒಂದೊಂದು ವರ್ಷ ಕಾಶಿಯಲ್ಲಿ ಇರಿಸುತ್ತಿತ್ತು. ಹಿಂದಿ ಕಲಿಯಬೇಕು, ತಾನೇ ಒಂದು ವಿಷಯ ಆರಿಸಿಕೊಂಡು ಊರೊಳಗೆ ಅಲೆದು ಜನರನ್ನು ಮಾತಾಡಿಸಿ ಬರೆಯಬೇಕು. ಮಾನವಶಾಸ್ತ್ರಜ್ಞ ಅಸ್ಸಾ ಡೊರೊನ್ ಇಲ್ಲಿನ ದೋಣಿಯವರ ನಡುವೆಯೇ ಇದ್ದು ಅವರ ಬದುಕನ್ನು ಕುರಿತು ಪುಸ್ತಕ ಬರೆದರು. ಒಳ್ಳೆಯ ಕೆಲಸವೇ. ಆದರೆ ಬರೆದದ್ದು ಇಂಗ್ಲಿಷಿನಲ್ಲಿ. ಹೇಳಿದವನ ಮೊಮ್ಮಗ ಓದಬೇಕೆಂದರೆ ಎಲ್ಲಿ ಹುಡುಕಬೇಕು?

ಕಾಗದ ಇರುವವರ ಪಾಡು ಬೇರೆ. ಜಂಗಮವಾಡಿ ಮಠದಲ್ಲಿ ಮೊಘಲರ ಕಾಲದ ಫರ್ಮಾನುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಭೂಮಿ ಯಾರದು ಎಂದು ಕೇಳಿದರೆ ತೋರಿಸಬಹುದು. ದೋಣಿಯವರಲ್ಲಿ ಯಾವ ಮನೆತನಕ್ಕೆ ಯಾವ ಘಾಟ್, ಅಲ್ಲಿ ಯಾರ ಪಾಳಿ ಯಾವಾಗ ಎಂಬುದೆಲ್ಲ ಬಾಯಿಮಾತಿನಲ್ಲಿ ನಡೆದುಬಂದದ್ದು. ಕಾಗದವಿದ್ದ ಕಡೆ ಅದು ಸರ್ಕಾರದ್ದು. 1878ರ ಕಾಯ್ದೆ ಹೊಳೆಯ ಕಡವುಗಳನ್ನು ಸರ್ಕಾರದ ಕೈಗೆ ಕೊಟ್ಟು ಹರಾಜಿಗೆ ದಾರಿ ಮಾಡಿತು. 1887ರಲ್ಲಿ ರಾಜಘಾಟಿನ ಹತ್ತಿರ ರೈಲು ಸೇತುವೆ ಬಂತು, ಹೊಳೆ ದಾಟಲು ದೋಣಿಯೇ ಬೇಕೆಂದಿರಲಿಲ್ಲ. ಬಹುಕಾಲದ ಮೇಲೆ, ಅರೆಬೆಂದ ಹೆಣಗಳನ್ನು ತಿಂದು ನೀರು ಶುದ್ಧ ಮಾಡಲೆಂದು ಗಂಗೆಗೆ ಆಮೆಗಳನ್ನು ಬಿಟ್ಟರು. ಅವುಗಳಿಗಾಗಿ 1989ರಲ್ಲಿ ರಾಮನಗರದಿಂದ ರಾಜಘಾಟಿನವರೆಗೆ ಸುಮಾರು 7 ಕಿಲೋಮೀಟರ್ ನದಿಯನ್ನು ಅಭಯಾರಣ್ಯ ಮಾಡಿದರು. ಎದುರು ದಡದ ಮರಳು ತೆಗೆಯುವುದು, ಬೇಸಗೆಯಲ್ಲಿ ಆ ಮರಳಿನ ಮೇಲೆ ಕಲ್ಲಂಗಡಿ, ಸೌತೆ ಬೆಳೆಯುವುದು ನಿಷಾದರ ಹಳೆಯ ಸಂಪಾದನೆ, ಅದಕ್ಕೆ ಅಡ್ಡಿಯಾಯಿತು. 2020ರಲ್ಲಿ ಅಭಯಾರಣ್ಯವೇ ರದ್ದಾಯಿತು. ಇಷ್ಟು ಕಡತದಲ್ಲಿ ಸಿಗುತ್ತದೆ. ನಡುವಿನ ಮೂವತ್ತು ವರ್ಷ ಒಲೆ ಹೇಗೆ ಉರಿಯಿತು ಎಂಬುದು ಕಡತದಲ್ಲಿಲ್ಲ. ಆಮೆಗಳು ಎಲ್ಲಿ ಹೋದವು ಎಂಬುದನ್ನೂ ದೋಣಿಯವರನ್ನೇ ಕೇಳಬೇಕು.

ನಾವು ಕನ್ನಡಿಗರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ಒಬ್ಬ ಅಂಬಿಗ ಬಾಯಿಬಿಟ್ಟು ಮಾತಾಡಿದ. ಬೇರೆ ಶರಣರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಅಂಬಿಗರ ಚೌಡಯ್ಯನ ಅಂಕಿತ ಅವನದೇ ಹೆಸರು, ಕಸುಬಿನ ಸಮೇತ. ಅದಕ್ಕೇ ಇರಬೇಕು, ಕಾಶಿಗೆ ಹೋದಾಗ ಹನುಮಾನ್ ಘಾಟಿನ ಪಕ್ಕದ ಕರ್ನಾಟಕ ಘಾಟನ್ನು ಹುಡುಕಿ ಫೋಟೊ ತೆಗೆಸಿಕೊಂಡು ಬರುವ ನಮ್ಮವರನ್ನು ಕಂಡರೆ ನನಗೆ ಸಣ್ಣ ತಕರಾರು. ಕೆಳಗೆ ದೋಣಿಯಲ್ಲಿ ಕೂತವನ ಹೆಸರನ್ನೂ ಕೇಳಿಕೊಂಡು ಬನ್ನಿ.

ಕೇಳುವುದಕ್ಕೂ ಒಂದು ಕ್ರಮವಿದೆ. ಪ್ರಶ್ನೆಗಳ ಪಟ್ಟಿ ಹಿಡಿದು ಹೋದ ಹುಡುಗ, ‘ಪ್ರವಾಹದ ವರ್ಷ ಯಾವುದು?’ ಎಂದರೆ ಮುದುಕರು ತಡವರಿಸಬಹುದು. ‘ನೀರು ಎಲ್ಲಿವರೆಗೆ ಬಂದಿತ್ತು ಅಜ್ಜ?’ ಎಂದರೆ ಕೈ ತಾನಾಗಿ ಮೇಲೇಳುತ್ತದೆ. 1978ರಲ್ಲಿ ಗಂಗೆ ಕಾಶಿಯಲ್ಲಿ 73.901 ಮೀಟರ್ ಮುಟ್ಟಿದಳು. ಅಪಾಯದ ಮಟ್ಟ 71.262. ಈ ಅಂಕಿ ದಾಖಲೆಯ ಭಾಷೆ. ಘಾಟಿನವರ ಅಳತೆಯೇ ಬೇರೆ: ಯಾವ ಮೆಟ್ಟಿಲು ಮುಳುಗಿತು, ಯಾವ ಗುಡಿಯ ಶಿಖರ ಮಾತ್ರ ಕಾಣುತ್ತಿತ್ತು, ದೋಣಿ ಯಾವ ಗಲ್ಲಿಯೊಳಗೆ ಬಂತು. ನೀರು ಮೇಲೇರಿದಾಗ ಮಣಿಕರ್ಣಿಕೆಯಲ್ಲಿ ಚಿತೆ ತಾರಸಿಯ ಮೇಲೆ ಉರಿಯುತ್ತದೆ, ಹರಿಶ್ಚಂದ್ರ ಘಾಟಿನಲ್ಲಿ ಗಲ್ಲಿಗೆ ಬರುತ್ತದೆ. ನೆನಪು ಇಂಥದ್ದಕ್ಕೆ ಗಂಟುಬಿದ್ದಿರುತ್ತದೆ, ಇಸವಿಗಲ್ಲ.

ಇನ್ನೊಂದು ಮಾತು. ಮೊಬೈಲ್ ಹಿಡಿದು ಧ್ವನಿ ಮುದ್ರಿಸಿಕೊಳ್ಳಲು ಹೋದವರು ಸಾಮಾನ್ಯವಾಗಿ ಹುಟ್ಟು ಹಾಕುವ ಗಂಡಸರ ಮುಂದೆಯೇ ಕೂರುತ್ತಾರೆ. ಮೆಟ್ಟಿಲ ಮೇಲೆ ದೊನ್ನೆಯಲ್ಲಿ ಹೂವಿಟ್ಟು ದೀಪ ಮಾರುವ ಹೆಂಗಸಿಗೂ ಅದೇ ನದಿ ಗೊತ್ತು. ಅವಳ ವ್ಯಾಪಾರದ ಹೊತ್ತು ಮುಗಿಯುವವರೆಗೆ ಕಾಯುವ ವ್ಯವಧಾನ ಬೇಕು, ಅಷ್ಟೆ.

ಮುದ್ರಿಸಿಕೊಂಡದ್ದನ್ನು ಅಲ್ಲೇ ಕೂತು, ಹೇಳಿದವರಿಗೇ ಒಮ್ಮೆ ಕೇಳಿಸಬೇಕು. ಮನೆಯವರೂ ಸುತ್ತ ಸೇರುತ್ತಾರೆ. ಅಷ್ಟರಲ್ಲಿ ಯಾರಾದರೊಬ್ಬರು, ‘ಅಲ್ಲಲ್ಲ, ನೀರು ಬಂದಿದ್ದು ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ’ ಎಂದು ತಿದ್ದಿದರೆ, ಹಾಳೆ ತಿರುಗಿಸಿ ಮತ್ತೆ ಬರೆದುಕೊಳ್ಳುವುದು.