ಅಳಿಯನಿಗೆ ಪಟ್ಟ



ಚೀನದೇಶದ ಪ್ರಾಚೀನ ಝೌ ವಂಶದಲ್ಲಿ ಪಟ್ಟವು ಮಹಿಷಿಯ ಜ್ಯೇಷ್ಠಪುತ್ರನಿಗೇ ಸಲ್ಲತಕ್ಕದ್ದೆಂಬುದು ನಿಯಮವಾಗಿತ್ತು. ಯೂ ಎಂಬ ಅರಸನು ಬಾವೋ ಸು ಎಂಬ ಸುಂದರಿಯ ಮೋಹಕ್ಕೆ ವಶನಾಗಿ ಮಹಿಷಿಯನ್ನೂ ಯುವರಾಜನನ್ನೂ ತ್ಯಜಿಸಲು, ಆ ಮಹಿಷಿಯ ತಂದೆಯೇ ಗಡಿಯಾಚೆಯ ಪಡೆಗಳೊಡನೆ ಕೂಡಿ ಕ್ರಿ.ಪೂ. 771ರಲ್ಲಿ ಅಳಿಯನ ರಾಜಧಾನಿಯನ್ನು ಸೂರೆಗೊಂಡನು. ವಂಶವೇನೋ ಪೂರ್ವಕ್ಕೆ ಸರಿದು ಕ್ರಿ.ಪೂ. 256ರವರೆಗೂ ಬಾಳಿತು. ಆದರೆ ಬಾಳಿದ್ದು ಹೇಗೆ? ಸಾಮಂತರು ಗೌರವವನ್ನು ಅರಸನಿಗೆ ಅರ್ಪಿಸಿ, ಭೂಮಿಯನ್ನೂ ಸೈನ್ಯವನ್ನೂ ತಮ್ಮಲ್ಲಿಯೇ ಇರಿಸಿಕೊಂಡರು.

ಈ ವೃತ್ತಾಂತವನ್ನು ತುಳುನಾಡಿನ ಈ ಮಾಣಿ ಎಂಬ ಊರಿನಲ್ಲಿ ಹೇಳಲು ಕಾರಣವುಂಟು. ಇಲ್ಲಿಂದ ಬಂಟ್ವಾಳದ ಕಡೆಗೆ ಹೋದರೆ ಬಂಗರಸರ ನಂದಾವರ, ಬೆಳ್ತಂಗಡಿಯ ಕಡೆಗೆ ಅವರದೇ ಮೂಲಸ್ಥಾನವಾದ ಬಂಗಾಡಿ ಹಾಗೂ ಅಜಿಲರ ವೇಣೂರು, ಇನ್ನೂ ಮುಂದಕ್ಕೆ ಚೌಟರ ಪುತ್ತಿಗೆ, ಮೂಡುಬಿದಿರೆ. ಈ ಅರಸುಮನೆಗಳಲ್ಲಿ ಮಗನಿಗೆ ಪಟ್ಟವಿರಲಿಲ್ಲ. ಸೋದರಿಯ ಮಗನಾದ ಅಳಿಯನೇ ಉತ್ತರಾಧಿಕಾರಿ. ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿದಾಗ ಅರಸನ ಮಡದಿ ತನ್ನ ಮಕ್ಕಳನ್ನು ಕೊಡಲೊಲ್ಲದಿರಲು, ಅರಸನ ತಂಗಿಯು ತನ್ನ ಮಗನನ್ನು ಒಪ್ಪಿಸಿದಳೆಂದೂ, ಬದುಕುಳಿದ ಆ ಬಾಲಕನೇ ಭೂತಾಳಪಾಂಡ್ಯನಾಗಿ ಅಳಿಯಕಟ್ಟನ್ನು ವಿಧಿಸಿದನೆಂದೂ ಐತಿಹ್ಯ. ಇತಿಹಾಸದ ನಿಕಷಕ್ಕೆ ಈ ಕಥೆ ನಿಲ್ಲದು. ಆದರೂ ಕಟ್ಟಳೆಗೆ ಕಾರಣವನ್ನು ಕಲ್ಪಿಸಿದವರು ಅದರ ತಿರುಳನ್ನು ಚೆನ್ನಾಗಿ ಬಲ್ಲವರಾಗಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

1604ರಲ್ಲಿ ವೇಣೂರಿನ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ ತಿಮ್ಮರಾಜನ ಶಾಸನವನ್ನು ನೋಡಿರಿ: ಅವನು ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ, ರಾಯಕುವರನ ಅಳಿಯ. ಅಷ್ಟು ಎತ್ತರದ ಮೂರ್ತಿಯನ್ನು ನಿಲ್ಲಿಸಿದವನಿಗೆ ತಂದೆಯ ಹೆಸರು ಬೇಕಾಗಲಿಲ್ಲ!

ಈ ಕಟ್ಟಿನ ಗುಣದೋಷಗಳೆರಡೂ ಒಂದೇ ಪ್ರಸಂಗದಲ್ಲಿ ಕಾಣಸಿಗುತ್ತವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಪೊಳಲಿಯ ಬಳಿಯ ಮಣೇಲಿಗೆ ಬಂದು, ಉಳ್ಳಾಲದ ಚೌಟರಾಣಿ ಅಬ್ಬಕ್ಕದೇವಿಯನ್ನು ಕಂಡನು. ಸಿಂಹಾಸನ, ಚಾಮರಗಳನ್ನು ನಿರೀಕ್ಷಿಸಿ ಬಂದಿದ್ದನೋ ಏನೋ. ಅವನ ಕಣ್ಣಿಗೆ ಬಿದ್ದವಳು ಬರಿಗಾಲಿನಲ್ಲಿ, ಸಾದಾ ಹತ್ತಿಯ ವಸ್ತ್ರವನ್ನುಟ್ಟು, ತಲೆಯ ಮೇಲೆ ಓಲೆಕೊಡೆಯ ನೆರಳಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದ, ಸುಮಾರು ನಲವತ್ತರ ಪ್ರಾಯದ, ಕಪ್ಪುಬಣ್ಣದ, ಸ್ಥೂಲಕಾಯದ ಹೆಂಗಸು. ಗಂಡನಾದ ಬಂಗರಸನ ರಾಜ್ಯ ಅವನಿಗೆ, ಇವಳ ರಾಜ್ಯ ಇವಳಿಗೆ. ಮನಸ್ತಾಪವುಂಟಾದಾಗ ಆಕೆ ಅವನು ಕೊಟ್ಟಿದ್ದ ಆಭರಣಗಳನ್ನು ಹಿಂದಕ್ಕೆ ಕಳುಹಿ ಸಂಬಂಧವನ್ನೇ ಹರಿದುಕೊಂಡಳು. ಝೌ ಅರಸನ ಮಹಿಷಿಗೆ ಈ ಸ್ವಾತಂತ್ರ್ಯವೆಲ್ಲಿಯದು? ಮಡದಿಯನ್ನು ಬಿಟ್ಟ ಅರಸನಿಂದ ಅಲ್ಲಿ ಯುವರಾಜನ ಹಕ್ಕೇ ಅಲುಗಿತು. ಇಲ್ಲಿ ಗಂಡನು ಹೋದರೂ ಪಟ್ಟದ ಸಾಲು ಕದಲಲಿಲ್ಲ. ಆದರೆ ಜಗಳವು ಅಷ್ಟಕ್ಕೇ ನಿಲ್ಲಲಿಲ್ಲ. ಬಂಗನು ಪೋರ್ಚುಗೀಸರನ್ನು ಆಶ್ರಯಿಸಿದನು, ರಾಣಿಯು ಕೆಳದಿಯ ವೆಂಕಟಪ್ಪನಾಯಕನನ್ನು ಕರೆದಳು; ಗೆಲುವು ರಾಣಿಯ ಪಕ್ಷಕ್ಕೆ, ಅಧಿಕಾರ ಮಾತ್ರ ನಾಯಕನಿಗೆ. ವಿವಾಹದಿಂದ ಎರಡು ರಾಜ್ಯಗಳು ಎಂದಿಗೂ ಒಂದಾಗದ ಕಟ್ಟಳೆಯಲ್ಲಿ ಪ್ರತಿಯೊಂದು ಮನೆಯೂ ಸುಭದ್ರ, ಎಲ್ಲ ಮನೆಗಳೂ ಸಣ್ಣವು. ತುಳುನಾಡಿನ ಅರಸರು ಸೋತದ್ದು ಉತ್ತರಾಧಿಕಾರಿಗಳಿಲ್ಲದೆ ಅಲ್ಲ, ಗಾತ್ರವಿಲ್ಲದೆ ಎಂಬುದೇ ನನ್ನ ಮತ.

ಮುಂದಿನದು ಬೇಗ ಮುಗಿಯುವ ಕಥೆ. ಕೆಳದಿಯವರು ಇವರನ್ನು ಕಪ್ಪ ಕೊಡುವ ಪಾಳೆಯಗಾರರನ್ನಾಗಿ ಉಳಿಸಿದರು; 1763ರಲ್ಲಿ ಅವರ ಬಿದನೂರನ್ನು ಗೆದ್ದ ಹೈದರಾಲಿಗೆ ನಡುವಿನವರು ಬೇಕಿರಲಿಲ್ಲ; 1799ರಲ್ಲಿ ಬಂದ ಕಂಪೆನಿಗೆ ಬೇಕಾದದ್ದು ನೇರವಾಗಿ ಬರುವ ಕಂದಾಯ. ಎದುರಿಸಿದವರಲ್ಲಿ, ನಮ್ಮ ನೆರೆಯ ವಿಟ್ಲದ ಡೊಂಬ ಹೆಗ್ಗಡೆ 1800ರಲ್ಲಿ ಗಲ್ಲಿಗೇರಿದನು; 1837ರ ಕಲ್ಯಾಣಪ್ಪನ ಕಾಟಕಾಯಿಯೆಂಬ ಬಂಡಾಯದಲ್ಲಿ ಸೇರಿದ ನಂದಾವರದ ಲಕ್ಷ್ಮಪ್ಪರಸ ಬಂಗನಿಗೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅದೇ ಗತಿಯಾಯಿತು. ಎದುರಿಸದ ಚೌಟರಿಗೆ ವರ್ಷಾಶನ ದೊರೆಯಿತು. ಮೂಡುಬಿದಿರೆಯ ಅವರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಮಂದಿ ನಾರಿಯರು ಹೆಣೆದುಕೊಂಡು ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ; ರಾಜ್ಯ ಹೋದ ಬಳಿಕ ಆ ಮನೆಯಲ್ಲಿ ಉಳಿದ ಗಜಾಶ್ವಸೈನ್ಯವು ಅಷ್ಟೇ ಎಂದು ಯಾರಾದರೂ ವಿನೋದವಾಡಿದರೆ, ಆಕ್ಷೇಪಿಸುವಂತಿಲ್ಲ.

ಸಿಂಹಾಸನ ಹೋದ ಮೇಲೂ ಕುಟುಂಬಗಳು ಒಡೆಯಲಿಲ್ಲ. ಆಸ್ತಿಯನ್ನು ಪಾಲು ಮಾಡಬಾರದೆಂಬ ಕಟ್ಟು ಅವನ್ನು ಹಿಡಿದಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳೆಂಬ ಕುಟುಂಬದ ಶಾಖೆಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಿಕ್ಕುದನ್ನು ಮಾಡಿತು. ಹೈದರನಿಂದಲೂ ಕಂಪೆನಿಯ ಮನ್ರೋನಿಂದಲೂ ಆಗದಿದ್ದ ಕೆಲಸವನ್ನು ವಿಭಾಗಪತ್ರಗಳು ಪೂರೈಸಿದವು. ಅಳದಂಗಡಿಯ ಅಜಿಲರ ಅರಮನೆಯಲ್ಲಿ ಇಂದಿಗೂ ಪಟ್ಟವಾಗುವುದುಂಟು. ಪಟ್ಟವಾದವನಿಗೆ ಸಲ್ಲುವುದು ಕಂದಾಯವಲ್ಲ, ಬಸದಿಯಲ್ಲಿಯೂ ದೈವದ ನೇಮದಲ್ಲಿಯೂ ಮೊದಲ ಮರ್ಯಾದೆ.