ಮನೆಯ ಶೆಡ್ಡೂ ದಂಪತಿಗಳ ಹೊಣೆಯೂ

(ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏರ್ಪಟ್ಟಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದರೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ ಇವುಗಳನ್ನು ಕುರಿತೇ ವೈದ್ಯರು ಮಾತನಾಡುವರೆಂದು ತಾವು ನಿರೀಕ್ಷಿಸಿರಬಹುದು. ಆ ವಿಷಯಗಳನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೂ ಬಂದು ತಿಳಿಸುತ್ತಿದ್ದಾರೆ. ನಾನು ಇಂದು ಮನೆಯ ಒಂದು ಭಾಗವನ್ನು ಕುರಿತು ಹೇಳಬಯಸುತ್ತೇನೆ. ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ, ಈಗ ಮೋಟಾರ್ ಸೈಕಲ್ಲೋ ಟಿಲ್ಲರೋ ನಿಲ್ಲುವ ಆ ಜಾಗವನ್ನು ಪಟ್ಟಣದವರು ಗ್ಯಾರೇಜು ಎನ್ನುತ್ತಾರೆ. ನಾವು ಶೆಡ್ಡು ಎನ್ನುತ್ತೇವೆ.

ಶೆಡ್ಡಿನಲ್ಲಿ ಗಾಡಿಯೊಂದೇ ಇರುವ ಮನೆ ಅಪರೂಪ. ಗಾಡಿಯ ಪಕ್ಕದಲ್ಲಿ ಡೀಸೆಲ್ ಕ್ಯಾನು, ಅದಕ್ಕೊರಗಿದ ಯೂರಿಯಾ ಚೀಲ, ಅದರ ಮೇಲೆ ದನದ ಹಿಂಡಿ, ಗೂಟದಲ್ಲಿ ಔಷಧ ಹೊಡೆಯುವ ಪಂಪು, ಮೂಲೆಯಲ್ಲಿ ಹಳೆಯ ಟೈರು, ಕಿಟಕಿಯ ಬಳಿ ಗೃಹಿಣಿಯ ಹೊಲಿಗೆ ಯಂತ್ರ. ಮಳೆಗಾಲದಲ್ಲಿ ಮಕ್ಕಳ ಆಟವೂ ಅಲ್ಲಿಯೇ. ಹಬ್ಬಕ್ಕೆ ನೆಂಟರು ಬಂದರೆ ಹಾಸಿಗೆಯೂ ಅಲ್ಲಿಯೇ. ಜಾಗ ಸಾಲದೆಂಬುದು ನಿಜ. ಆದರೆ ಅಪಾಯ ಹುಟ್ಟುವುದು ಜಾಗದ ಕೊರತೆಯಿಂದ ಮಾತ್ರವಲ್ಲ. ಬಹುತೇಕ ಮನೆಗಳಲ್ಲಿ ಸಾಮಾನುಗಳನ್ನು ತಂದಿಡುವವನು ಗಂಡ, ಗುಡಿಸುವವಳು ಹೆಂಡತಿ. ಯಾವ ಡಬ್ಬಿಯಲ್ಲಿ ಏನಿದೆಯೆಂದು ಬಲ್ಲವನು ಅಲ್ಲಿ ಗುಡಿಸುವುದಿಲ್ಲ. ಗುಡಿಸುವವಳಿಗೆ ಡಬ್ಬಿಯಲ್ಲಿ ಏನಿದೆಯೆಂಬುದು ತಿಳಿದಿರುವುದಿಲ್ಲ. ಗಂಡಸರು ನಗುತ್ತಿದ್ದೀರಿ. ಇಂದು ಸಂಜೆ ಮನೆಗೆ ಹೋಗಿ ತಮ್ಮ ಪತ್ನಿಯನ್ನು ಒಂದೊಂದೇ ಡಬ್ಬಿ ತೋರಿಸಿ ಕೇಳಿ ನೋಡಿರಿ.

ನಮ್ಮ ಭಾಷೆಯ ರೂಢಿಯೂ ಇಲ್ಲಿ ನಮಗೆ ಸಹಾಯಕವಾಗಿಲ್ಲ. ಬೆಳೆಗೆ ಹೊಡೆಯುವ ವಿಷವನ್ನು ನಾವು ‘ಔಷಧ’ವೆನ್ನುತ್ತೇವೆ, ಉತ್ತರದ ಜಿಲ್ಲೆಗಳಲ್ಲಿ ‘ಎಣ್ಣೆ’ ಎನ್ನುವುದೂ ಉಂಟು. ಜ್ವರ ಬಂದಾಗ ತಾಯಿ ಚಮಚದಲ್ಲಿ ಕುಡಿಸುವುದೂ ಔಷಧವೇ. ಮೂರು ವರ್ಷದ ಮಗು ಈ ಎರಡು ಔಷಧಗಳ ಅಂತರವನ್ನು ಅರಿಯುವುದಾದರೂ ಹೇಗೆ? ಉಳಿದ ವಿಷವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸವಂತೂ ಅತ್ಯಂತ ಘಾತುಕವಾದುದು. 2013ರ ಜುಲೈ ತಿಂಗಳಿನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತಪಟ್ಟರು. ಆ ಅಡುಗೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಆಹಾರವೂ ವಿಷವೂ ಒಂದೇ ಕಡೆ ಸೇರಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದುದರಿಂದ ಜಾಗ ಹಂಚುವ ಕೆಲಸವನ್ನು ವಿಷದಿಂದಲೇ ಆರಂಭಿಸಿರಿ. ಒಂದು ಗಟ್ಟಿಯಾದ ಮರದ ಅಥವಾ ತಗಡಿನ ಪೆಟ್ಟಿಗೆ, ಅದಕ್ಕೊಂದು ಬೀಗ, ಗೋಡೆಯ ಮೇಲೆ ಮಕ್ಕಳ ಕೈಗೆ ಎಟುಕದ ಎತ್ತರ, ಇಷ್ಟು ಸಾಕು. ಕೀಟನಾಶಕ, ಕಳೆನಾಶಕ, ಇಲಿಪಾಷಾಣ ಎಲ್ಲವೂ ಅಂಗಡಿಯಿಂದ ತಂದ ಮೂಲ ಡಬ್ಬಿಯಲ್ಲಿಯೇ, ಚೀಟಿಯ ಸಮೇತ, ಅದರೊಳಗಿರಲಿ. ಚೀಟಿಯ ಮೇಲೆ ಬಣ್ಣದ ತ್ರಿಕೋನವೊಂದಿರುತ್ತದೆ. ಕೆಂಪು ಅತ್ಯಂತ ತೀವ್ರ ವಿಷ; ಹಳದಿ ಅದಕ್ಕಿಂತ ಕೊಂಚ ಕಡಿಮೆ; ಬಳಿಕ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ನಿರಪಾಯವೆಂದು ಭಾವಿಸಬಾರದು. ಅಕ್ಷರ ಓದಲು ಬಾರದವರೂ ಬಣ್ಣವನ್ನು ಓದಬಲ್ಲರು. ಪತಿಯಾದವನು ಇದನ್ನು ಪತ್ನಿಗೂ ಮನೆಯ ಹಿರಿಯರಿಗೂ ತೋರಿಸಿಕೊಡಬೇಕು.

ಬೀಗಕ್ಕೆ ಮತ್ತೊಂದು ಪ್ರಯೋಜನವುಂಟು. ಜಗಳವಾದಾಗ, ಸಾಲಗಾರ ಬಂದು ಹೋದಾಗ, ಪರೀಕ್ಷೆಯ ಫಲಿತಾಂಶ ಬಂದಾಗ ಮನಸ್ಸು ಕಲಕುವ ಗಳಿಗೆಯೊಂದು ಯಾವ ಮನೆಗಾದರೂ ಬರಬಹುದು. ಆ ಗಳಿಗೆಯಲ್ಲಿ ವಿಷವು ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಕೀಲಿಯನ್ನು ಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುಹಾಕಿದರೆ ಬೀಗವಿದ್ದೂ ಇಲ್ಲದಂತೆಯೇ.

ಇನ್ನು ಉಳಿದ ಜಾಗ. ಗಾಡಿಯೂ ಇಂಧನವೂ ಬಾಗಿಲ ಕಡೆಗಿರಲಿ. ಕಿಡಿ ಹಾರುವ ಒಲೆ, ದೀಪ, ಬೀಡಿ ಅಲ್ಲಿ ಸಲ್ಲದು. ಹಿಂಡಿ ಮತ್ತು ಮೇವು ಎದುರುಗೋಡೆಗೆ, ನೆಲದಿಂದ ಮೇಲೆ ಹಲಗೆಯ ಮೇಲಿರಲಿ. ಕಾಳು ಚೆಲ್ಲಿದಲ್ಲಿ ಇಲಿ, ಇಲಿಯ ಹಿಂದೆ ಹಾವು. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದನ್ನು ಮಲೆನಾಡು, ಕರಾವಳಿಯ ಬಂಧುಗಳು ಬಲ್ಲರು. ಯೂರಿಯಾ ಹಿಂಡಿಯ ಬಳಿ ಸುಳಿಯಬಾರದು. ಅದನ್ನು ತಿಂದ ಹಸು ಗಂಟೆಗಳೊಳಗೆ ಸಾಯಬಹುದು. ಹೊಲಿಗೆ ಯಂತ್ರದ ಜಾಗವನ್ನು ಮಾತ್ರ ಗೃಹಿಣಿಯೇ ಆರಿಸಿಕೊಳ್ಳಲಿ. ಗಂಡನ ಗಾಡಿಗೆ ಗೊತ್ತಾದ ಸ್ಥಳವಿದ್ದು, ನಾಲ್ಕು ಕಾಸು ತರುವ ಹೆಂಡತಿಯ ಕೆಲಸಕ್ಕೆ ಮಾತ್ರ ದಿನಕ್ಕೊಂದು ಮೂಲೆಯಾದರೆ ಅದು ಹಂಚಿಕೆಯಲ್ಲ.

ಔಷಧ ಹೊಡೆದು ಬಂದ ಬಟ್ಟೆಯನ್ನು ಶೆಡ್ಡಿನ ಗೂಟಕ್ಕೆ ಸಿಕ್ಕಿಸಿ, ಮರುದಿನ ಪತ್ನಿಯು ಮನೆಯ ಬಟ್ಟೆಗಳೊಡನೆ ಒಗೆಯುವುದು ನಮ್ಮಲ್ಲಿ ಸಾಮಾನ್ಯ. ಆಕೆ ಗರ್ಭಿಣಿಯಾಗಿರಬಹುದು, ಮೊಲೆಯೂಡಿಸುವ ತಾಯಿಯಾಗಿರಬಹುದು. ಹೊಡೆದವನೇ ಆ ಬಟ್ಟೆಯನ್ನು ಬೇರೆಯಾಗಿ, ಸೋಪು ಹಚ್ಚಿ, ಕೈಗವಸು ತೊಟ್ಟು ತೊಳೆದುಕೊಳ್ಳಲಿ.

ಅಣ್ಣತಮ್ಮಂದಿರು ಭಾಗವಾಗಿ ಶೆಡ್ಡೊಂದೇ ಉಳಿದಿರುವ ಮನೆಗಳಲ್ಲಿ ನೆಲಕ್ಕೆ ಸುಣ್ಣದ ಗೆರೆಯೆಳೆದು ಸ್ಥಳ ಹಂಚಿಕೊಳ್ಳಬಹುದು. ನಡುವಿನ ದಾರಿ ಮಾತ್ರ ಇಬ್ಬರದೂ ಆಗಿ ಸದಾ ತೆರವಾಗಿರಲಿ. ಬೆಂಕಿ ಬಿದ್ದಾಗ ಓಡುವ ದಾರಿ ಅದೇ. ಗೆರೆಯೆಳೆಯುವ ದಿನ ಓರಗಿತ್ತಿಯರೂ ಅಲ್ಲಿರಬೇಕು. ಅವರನ್ನು ಬಿಟ್ಟು ಗಂಡಸರಷ್ಟೇ ಮಾಡಿದ ಹಂಚಿಕೆ ಒಂದು ತಿಂಗಳೂ ನಿಲ್ಲುವುದಿಲ್ಲ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನಾಗಲಿ ಜನರೇಟರನ್ನಾಗಲಿ ಓಡಿಸಕೂಡದು. ಅದರಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಓಕರಿಕೆ, ಮಂಪರು ಬಂದು, ಮಲಗಿದವರು ಮಲಗಿದಂತೆಯೇ ಉಳಿದುಬಿಡುತ್ತಾರೆ. ಕಾಳಿಗೆ ಹುಳು ಬೀಳದಂತೆ ಇಡುವ ಮಾತ್ರೆಯಿಂದಲೂ ಮಾರಕವಾದ ಅನಿಲ ಹೊರಡುತ್ತದೆ. ಅಂತಹ ಕಾಳಿರುವಲ್ಲಿ ಯಾರನ್ನೂ ಮಲಗಿಸಬೇಡಿರಿ, ನೆಂಟರನ್ನಂತೂ ಬೇಡವೇ ಬೇಡ. ಹಳೆಯ ಟೈರಿನಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟರೆ ವಾರ, ಹತ್ತು ದಿನಗಳಲ್ಲಿ ಹೊಸ ಸೊಳ್ಳೆಗಳು ಹಾರುತ್ತವೆ. ಬೇಡವಾದ ಟೈರನ್ನು ಮಾರಿಬಿಡಿ. ಬೇಕಾದುದನ್ನು ಮಳೆ ಬೀಳದ ಕಡೆ ಇಡಿ.

ಇಷ್ಟೆಲ್ಲ ಮಾಡಿಯೂ ಅವಘಡವಾದರೆ ಉಪ್ಪುನೀರನ್ನಾಗಲಿ ಹುಣಸೆಹಣ್ಣಿನ ನೀರನ್ನಾಗಲಿ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ. ಡೀಸೆಲ್, ಪೆಟ್ರೋಲು, ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಮತ್ತಷ್ಟು ಹಾನಿಯಾಗುತ್ತದೆ. ವಿಷ ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು, ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಪ್ರಜ್ಞೆ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿರಿ. ಆಸ್ಪತ್ರೆಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ‘ಏನು ಕುಡಿದದ್ದು?’ ಎಂಬುದೇ. ವಿಷದ ಬಗೆ ತಿಳಿದರೆ ಚಿಕಿತ್ಸೆ ನಿಮಿಷಗಳಲ್ಲಿ ಆರಂಭವಾಗುತ್ತದೆ. ಗಂಡ ಹೊಲದಲ್ಲಿದ್ದರೂ, ಮನೆಯಲ್ಲಿದ್ದ ಗೃಹಿಣಿ ಆ ಪೆಟ್ಟಿಗೆಯನ್ನು ತೆರೆದು, ಸರಿಯಾದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಮ್ಮ ಬಳಿಗೆ ಬರುವಂತಿರಬೇಕು.